ಕೊನೆಯ ತಿರುವಿನಲ್ಲಿ ಇಬ್ಬರು

ಸುಡುಬೇಸಿಗೆಯ ಸಂಜೆ ಸ್ವೆಟರನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಕೆಳಗಿಳಿಯುವುದನ್ನು ಕಂಡು, ಬಹರೈನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಕಟ್ಟಡದ ಕಾವಲುಗಾರ ಮೊದಮೊದಲು ನಗುತ್ತಿದ್ದ. ಆಮೇಲೆ ಅವನಿಗೂ ರೂಢಿಯಾಯಿತು. ಮಗಳನ್ನು ಸ್ಕೇಟಿಂಗಿನ ಐಸ್ ರಿಂಕಿಗೆ ಕರೆದುಕೊಂಡು ಹೋಗಿ, ಅವಳ ಅಭ್ಯಾಸ ಮುಗಿಯುವವರೆಗೆ ಆ ಚಳಿಯಲ್ಲಿ ಕೂತಿರುವುದು ನನ್ನ ಪಾಲಿನ ಕೆಲಸವಾಗಿತ್ತು. ಹೆಂಡತಿ ಒಮ್ಮೆ ಬಂದವಳು ಮತ್ತೆ ಬರಲಿಲ್ಲ. "ಅವಳು ಆ ಮೂಲೆಯಲ್ಲಿ ವಾಲಿ ತಿರುಗುವುದನ್ನು ನನಗೆ ನೋಡ್ಲಿಕ್ಕಾಗುದಿಲ್ಲ ಮಾರಾಯ್ರೆ, ನೀವೇ ಹೋಗಿ" ಅಂದಳು.

ನಾನು ಉಡುಪಿ ಕಡೆಯವನು, ಎ.ಸಿ. ಡಕ್ಟ್ ಕೂರಿಸುವ ಕೆಲಸಕ್ಕೆ ಬಹರೈನಿಗೆ ಬಂದು ಇಲ್ಲಿಯವನೇ ಆದವನು. ನಮ್ಮ ಕುಟುಂಬದಲ್ಲಿ ಯಾರಾದರೂ ರಾಶಿ ಐಸು ಕಂಡಿದ್ದರೆ ಅದು ಮೀನಿನ ಬಂದರಿನಲ್ಲಿ ಮಾತ್ರ. ಅಂಥ ಮನೆಯ ಹುಡುಗಿ, ಯಾರದೋ ಹುಟ್ಟುಹಬ್ಬದ ಪಾರ್ಟಿಗೆಂದು ರಿಂಕಿಗೆ ಹೋಗಿ ಬಂದು, ಅದನ್ನೇ ಹಿಡಿದು ಕೂತಳು. ಅವಳಿಗೆ ಬೇಕಾದದ್ದು ಸಂಗೀತಕ್ಕೆ ಕುಣಿಯುವ ಸ್ಕೇಟಿಂಗ್ ಅಲ್ಲ, ಓಟದ್ದು. ನಾಲ್ಕೈದು ಮಂದಿ ಒಟ್ಟಿಗೆ ಹೊರಟು, ಚಿಕ್ಕ ಸುತ್ತಿನಲ್ಲಿ ಒಬ್ಬರನ್ನೊಬ್ಬರು ಹಿಂದೆ ಹಾಕುವ ಓಟ.

"ಸ್ವಲ್ಪ ನಿಧಾನ ಹೋಗಬಾರದಾ ಮಗಾ?" ಎಂದು ನಾನು ಕೇಳಿದ್ದುಂಟು.

"ಅಪ್ಪ, ಸ್ಲೋ ಹೋದ್ರೇ ಬೀಳುವುದು. ಸ್ಪೀಡ್ ಇದ್ರೆ ಶೂಸಿನ ಬ್ಲೇಡ್ ತಾನಾಗಿ ಐಸು ಹಿಡೀತದೆ. ನಿಮಗೆ ಅರ್ಥ ಆಗುದಿಲ್ಲ" ಎಂದು ನಗುತ್ತಿದ್ದಳು.

ಅಲ್ಲೇ ಅವಳಿಗೆ ಗೆಳತಿಯೊಬ್ಬಳು ಸಿಕ್ಕಿದಳು. ಸೇತುವೆಯಾಚೆಯ ಬುಸೈತೀನಿನ ಬಹರೈನಿ ಹುಡುಗಿ, ಮಗಳದೇ ಪ್ರಾಯ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಬ್ಬಳ ಲೇಸು ಇನ್ನೊಬ್ಬಳು ಬಿಗಿಯುತ್ತಿದ್ದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ, ಜಗಳ ಮಾತ್ರ ಅರಬ್ಬಿಯಲ್ಲಿ. ಆ ಹುಡುಗಿಯ ತಾಯಿ ನನ್ನಿಂದ ಸ್ವಲ್ಪ ದೂರದಲ್ಲಿ ಕೂರುತ್ತಿದ್ದರು. ಫ್ಲಾಸ್ಕಿನ ಚಹಾವನ್ನು ನನಗೂ ಒಂದು ಕಪ್ಪು ಕಳಿಸುತ್ತಿದ್ದರು. ಅವರಿಗೆ ಹಿಂದಿ ಬರುತ್ತಿತ್ತು. ನನ್ನ ಮಗಳನ್ನು "ಬಿಂತಿ" ಎಂದು, ತಮ್ಮ ಮಗಳನ್ನು ಕರೆದ ಹಾಗೆಯೇ ಕರೆಯುತ್ತಿದ್ದರು.

ಕಲಿಸುತ್ತಿದ್ದವನು ಚಳಿದೇಶದಿಂದ ಬಂದ ಕಟ್ಟುನಿಟ್ಟಿನ ಮನುಷ್ಯ. ಹೆಲ್ಮೆಟ್, ಗ್ಲೌಸು, ಬ್ಲೇಡು ತಾಗಿದರೂ ಹರಿಯದ ಕುತ್ತಿಗೆಪಟ್ಟಿ, ಇವುಗಳಲ್ಲಿ ಒಂದು ಕಮ್ಮಿಯಿದ್ದರೂ ಐಸಿಗೆ ಇಳಿಸುತ್ತಿರಲಿಲ್ಲ. ತಿರುವುಗಳ ಗೋಡೆಗೆ ದಪ್ಪ ಮೆತ್ತೆಗಳನ್ನು ತಾನೇ ಎಳೆದು ತಂದು ಆನಿಸಿ, ಭುಜದಿಂದ ಗುದ್ದಿ ನೋಡುತ್ತಿದ್ದ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದರು, ಅಲ್ಲಿ ಸೇಫ್ಟಿ ಎಂತದೂ ಇರಲಿಲ್ಲವಾ ಅಂತ. ಇತ್ತು. ಮನುಷ್ಯ ಮಾಡಬಹುದಾದದ್ದೆಲ್ಲ ಇತ್ತು.

ಅಕ್ಕಪಕ್ಕದ ದೇಶಗಳ ಹುಡುಗಿಯರೂ ಬಂದಿದ್ದ ಸ್ಪರ್ಧೆ ಅದು. ಫೈನಲ್ಲಿಗೆ ನಮ್ಮ ಹುಡುಗಿಯರಿಬ್ಬರೂ ಬಂದರು. ಆ ದಿನ ಹೆಂಡತಿಯೂ ಬಂದು ನನ್ನ ಪಕ್ಕ ಕೂತಿದ್ದಳು. ಓಟ ಶುರುಮಾಡುವ ಪಿಸ್ತೂಲು ಹಾರಿದ ಮೇಲೆ ನಾನು ಅವಳನ್ನೂ ಮರೆತೆ. ಆ ವೇಗ ನೋಡುವಾಗ ಭಯವಾಗುತ್ತದೆ. ಆದರೆ ಆ ಭಯದಲ್ಲೇ ಒಂದು ಖುಷಿಯಿದೆ, ಸುಳ್ಳು ಹೇಳಲಾರೆ. ಎದ್ದು ನಿಂತು ಬೊಬ್ಬೆ ಹೊಡೆಯುತ್ತಿದ್ದೆ. ಆ ಕಡೆ ಆ ತಾಯಿಯೂ ಎದ್ದು ನಿಂತಿದ್ದರು. ಕೊನೆಯ ಸುತ್ತಿಗೆ ನಮ್ಮ ಇಬ್ಬರೇ ಮುಂದೆ. ನಾನು ಆ ತಾಯಿಯ ಕಡೆ ನೋಡಿ ನಕ್ಕೆ, ಅವರೂ ನಕ್ಕರು.

ಕೊನೆಯ ತಿರುವಿನಲ್ಲಿ ಬ್ಲೇಡಿಗೆ ಬ್ಲೇಡು ತಾಗಿತು. ಇಬ್ಬರೂ ಒಟ್ಟಿಗೆ ಜಾರಿದರು. ಗೆಳತಿ ಬೆನ್ನು ಮುಂದಾಗಿ ಮೆತ್ತೆಗೆ ಬಡಿದಳು, ಅವಳ ಮೇಲೆ ನನ್ನ ಮಗಳು ಹೋಗಿ ಬಡಿದಳು.

ಮಗಳು ಎದ್ದಳು. ಗೆಳತಿ ಏಳಲಿಲ್ಲ. ಆ ತಾಯಿ ಕಾಲು ಮುಚ್ಚುವ ಅಬಾಯಾದಲ್ಲೇ, ಚಪ್ಪಲಿಯಲ್ಲೇ ಐಸಿನ ಮೇಲೆ ಓಡಿದರು. ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೊನೆಗೆ ಮೊಣಕಾಲಿನಲ್ಲೇ ಹೋಗಿ ಮಗಳನ್ನು ಮುಟ್ಟಿದರು.

ಬೆನ್ನುಹುರಿಗೆ ಪೆಟ್ಟು ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಡೆಯುವುದು ಕಷ್ಟ ಎಂದರು. ಕಾರಿಡಾರಿನಲ್ಲಿ ಆ ತಾಯಿ ನನ್ನ ಮಗಳ ತಲೆಯನ್ನು ಎದೆಗೊತ್ತಿಕೊಂಡು, "ತೇರಿ ಗಲ್ತಿ ನಹೀ ಬಿಂತಿ" ಅಂದರು, ನಿನ್ನ ತಪ್ಪಲ್ಲ ಮಗಳೇ ಎಂದು. ತೀರ್ಪುಗಾರರೂ ವಿಡಿಯೋವನ್ನು ಮತ್ತೆ ಮತ್ತೆ ನೋಡಿ ಅದನ್ನೇ ಹೇಳಿದರು: ಯಾರದೂ ತಪ್ಪಿಲ್ಲ, ಓಟದಲ್ಲಿ ಹೀಗಾಗುವುದುಂಟು.

ಮಗಳು ಊಟ ಬಿಟ್ಟಳು. ಅವಳ ಅಮ್ಮ ಗಂಜಿ ಮಾಡಿ ಬಾಯಿಗಿಟ್ಟರೂ ಇಳಿಯುತ್ತಿರಲಿಲ್ಲ. ಒಂದು ದಿನ ನನ್ನೊಡನೆ ಹೇಳಿದಳು: "ನನ್ನದೇ ತಪ್ಪು ಅಂತ ಹೇಳಿದ್ರೆ ಒಳ್ಳೇದಿತ್ತು ಅಪ್ಪ. ಸಾರಿ ಆದ್ರೂ ಕೇಳಬಹುದಿತ್ತು. ಈಗ ನಾನು ಎಂತ ಕೇಳ್ಲಿ?"



ಗೆಳತಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಗಳನ್ನು ಬುಸೈತೀನಿಗೆ ಕರೆದುಕೊಂಡು ಹೋದೆ. ಗಾಲಿಕುರ್ಚಿಯಲ್ಲಿ ಕೂತಿದ್ದ ಆ ಹುಡುಗಿಗೆ ಬೇರೆ ಮಾತೇ ಬೇಡವಾಗಿತ್ತು, ಬರೀ ಆ ಓಟದ್ದೇ. "ಅಷ್ಟು ವೇಗವಾಗಿ ನಾವು ಯಾವತ್ತೂ ಹೋಗಿರಲಿಲ್ಲ ಅಲ್ವಾ? ಕೊನೇ ತಿರುವಿನಲ್ಲಿ ನಾನು ನಿನ್ನ ಮುಂದಿದ್ದೆ ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು" ಎಂದಳು ಮಗಳು. "ನೀನೇ ಗೆಲ್ತಿದ್ದಿ."

ವಾಪಸು ಬರುವಾಗ ಸೇತುವೆಯ ಮೇಲೆ, ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಅವಳು ಮುಂದಿರ್ಲಿಲ್ಲ ಅಪ್ಪ."

ಆಮೇಲೂ ಹೋಗುತ್ತಿದ್ದೆವು. ಒಂದು ದಿನ ಗೆಳತಿಗೆ ವಿಷಯ ಗೊತ್ತಾಯಿತು, ಮಗಳು ರಿಂಕಿಗೆ ಕಾಲೇ ಇಡುತ್ತಿಲ್ಲ ಎಂದು. ಅವಳು ಕೂಗಿದ್ದು ಹೊರಗೆ ಅತಿಥಿಗಳು ಕೂರುವ ಮಜ್ಲಿಸಿನಲ್ಲಿ ಕೂತಿದ್ದ ನನಗೂ ಕೇಳಿಸಿತು. "ನನಗೆ ಕಾಲಿಲ್ಲ. ನಿನಗೆ ಇದೆ, ನೀನು ಬಿಸಾಡ್ತೀಯಾ? ಮತ್ತೆ ಐಸಿನಲ್ಲಿ ಓಡುವವರೆಗೆ ಇಲ್ಲಿಗೆ ಬರಬೇಡ!"

ಮರುವಾರ ಮಗಳು ತಾನಾಗಿಯೇ ಬ್ಯಾಗು ತೆಗೆದಳು. ನಾನು ಕಾರು ತೆಗೆದೆ. ಐಸಿಗಿಳಿದು ಗೋಡೆ ಹಿಡಿದು ಹೊಸಬರ ಹಾಗೆ ಹೆಜ್ಜೆಹೆಜ್ಜೆಯಾಗಿ ಹೋದಳು. ತಿರುವಿನ ಹತ್ತಿರ ಬರುವಾಗ ನಿಂತಳು. ವೇಗ ತೆಗೆದುಕೊಳ್ಳಲು ಆಗಲೇ ಇಲ್ಲ. ನಿಂತಲ್ಲೇ ಐಸಿನ ಮೇಲೆ ಕೂತುಬಿಟ್ಟಳು. ಕಲಿಸುವವನು ಹೋಗಿ ಕೈಕೊಟ್ಟು ಎಬ್ಬಿಸಿದ. ಅವಳ ಲೇಸು ನಾನೇ ಬಗ್ಗಿ ಬಿಚ್ಚಿದೆ.

"ಅವಳಿಗೆ ಹೇಗೆ ಹೇಳುವುದು ಅಪ್ಪ?"

ಹೇಳಲೇ ಇಲ್ಲ. ಬುಸೈತೀನಿಗೆ ಹೋಗುವುದೂ ನಿಂತಿತು. ಚಿಕಿತ್ಸೆಗೆಂದು ಗೆಳತಿಯನ್ನು ಪರದೇಶಕ್ಕೆ ಕರೆದುಕೊಂಡು ಹೋದ ಸುದ್ದಿ ಬೇರೆ ಯಾರಿಂದಲೋ ತಿಳಿಯಿತು. ಹೋಗುವ ಮೊದಲು ಅವಳು ಫೋನು ಮಾಡಲಿಲ್ಲ. ಮಗಳು ಕಳಿಸಿದ ಮೆಸೇಜುಗಳಿಗೂ ಉತ್ತರ ಬರಲಿಲ್ಲ.

ಮಗಳು ಈಗ ಇಲ್ಲೇ ಕಾಲೇಜಿಗೆ ಹೋಗುತ್ತಾಳೆ. ನಗುತ್ತಾಳೆ, ಸಿನಿಮಾ ನೋಡುತ್ತಾಳೆ. ರಸ್ತೆಯಲ್ಲಿ ನಾನು ಸ್ವಲ್ಪ ಜೋರಾಗಿ ಕಾರು ಓಡಿಸಿದರೆ ಮಾತ್ರ ಸೀಟಿನ ಅಂಚು ಗಟ್ಟಿಯಾಗಿ ಹಿಡಿಯುತ್ತಾಳೆ. ಒಂದು ಕಾಲದಲ್ಲಿ "ಎಂತ ಅಪ್ಪ, ಎತ್ತಿನಗಾಡಿಯಾ ಇದು?" ಎನ್ನುತ್ತಿದ್ದ ಹುಡುಗಿ.

ಈಚೆಗೆ ಮನಾಮಾದ ಹಳೇ ಮಾರುಕಟ್ಟೆ ಸೂಕಿನಲ್ಲಿ ಆ ತಾಯಿ ಎದುರಾದರು. ತುಂಬಾ ಇಳಿದು ಹೋಗಿದ್ದರು. ತಮ್ಮ ಮಗಳು ಪರದೇಶದಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದಾಳೆ, ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾಳೆ ಎಂದರು. "ಬಿಂತಿ ಹೇಗಿದ್ದಾಳೆ?" ಎಂದು ಕೇಳಿ, ಉತ್ತರ ಪೂರ್ತಿ ಕೇಳುವ ಮೊದಲೇ ಕಣ್ಣೊರೆಸಿಕೊಂಡು ಹೊರಟುಹೋದರು.

ಮನೆಗೆ ಬಂದು ಮಗಳಿಗೆ ಹೇಳಿದೆ.

"ನಿಲ್ತಾಳಾ?" ಎಂದಳು. ಮುಖ ಒಮ್ಮೆ ಅರಳಿತು. ಆಮೇಲೆ ಕೇಳಿದಳು, "ಅವಳು ನನ್ನನ್ನು ಕೇಳಿದಳಂತಾ?"

"ಅವಳ ಅಮ್ಮ ಕೇಳಿದ್ರು ಮಗಾ."

ತಲೆಯಾಡಿಸಿದಳು. ಎದ್ದು ಅಡುಗೆಮನೆಗೆ ಹೋಗಿ, ಅಮ್ಮನ ಪಕ್ಕ ನಿಂತು ತೆಂಗಿನಕಾಯಿ ತುರಿಯತೊಡಗಿದಳು. ಅಮ್ಮ ಸಾಕು ಎಂದರೂ ನಿಲ್ಲಿಸಲಿಲ್ಲ.