ಗಂಗವ್ವನಿಗೆ ಸಾಕಾಗದ ಮೂರು ಖಾನೆ

ತಿಕೋಟಾದ ಗಂಗವ್ವನ ಬಗ್ಗೆ ನಾನು ಸುಳ್ಳು ಬರೆದೆ. ಗೊತ್ತಿದ್ದೇ ಬರೆದೆ.

ಆಗ ವಿಜಯಪುರದ ಒಂದು ಸಂಸ್ಥೆಗಾಗಿ ಊರೂರು ತಿರುಗಿ ಸಮೀಕ್ಷೆಯ ಫಾರಂ ತುಂಬುತ್ತಿದ್ದೆ. 'ಯಾರ ಮೇಲೆ ಮನಸ್ಸಾಗುತ್ತದೆ?' ಎಂಬ ಪ್ರಶ್ನೆಗೆ ಮೂರೇ ಖಾನೆ: ಗಂಡು, ಹೆಣ್ಣು, ಎರಡೂ. ಗಂಗವ್ವ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಸಿರು, ಹಳದಿ, ಕಪ್ಪು ಕಾಳುಗಳನ್ನು ಬೇರೆ ಬೇರೆ ಬುಟ್ಟಿಗೆ ಆರಿಸಿ ಹಾಕುತ್ತಿದ್ದಳು. ಆ ಶೆಡ್ಡಿನ ಸಿಹಿ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

"ಮೊದಲ ಕಾಖಂಡಕಿ ಊರಿನ ಹುಡುಗನ ಮ್ಯಾಲ ಮನಸಿತ್ತು. ಆಮ್ಯಾಲ ಇಲ್ಲೇ ಬಾಜೂಕ ಕುಂದ್ರತಿದ್ದ ಗೆಳತಿ ಮ್ಯಾಲ. ಈಗ ಎಲ್ಲಮ್ಮನ ಹೆಸರಿಲೆ ಮುತ್ತು ಕಟ್ಟಿಸಿಕೊಂಡು ಸೀರಿ ಉಟ್ಟ ಒಬ್ಬ ಜೋಗಪ್ಪನ ಜೋಡಿ ಬಾಳೇ ಮಾಡಾಕತ್ತೇನಿ," ಎಂದಳು.

"ಹಂಗಾದ್ರ ಎರಡೂ ಅಂತ ಬರೀಲೇನ್ರಿ?"

"ನನ್ನ ಜೋಗಪ್ಪ ಅದಾಳಲ್ಲ, ಆಕಿ ತನಗ ಗಂಡೂ ಅನ್ನಂಗಿಲ್ಲ, ಹೆಣ್ಣೂ ಅನ್ನಂಗಿಲ್ಲ. ಎರಡೂ ಅಂತ ಬರದ್ರ ಆಕಿನ್ನ ಎಲ್ಲಿ ಇಡ್ತೀ ಯಪ್ಪಾ?" ಎನ್ನುತ್ತ ಮೂರೂ ಬಣ್ಣದ ಒಂದು ಹಿಡಿ ದ್ರಾಕ್ಷಿಯನ್ನು ನನ್ನ ಅಂಗೈಗೆ ಸುರಿದಳು. "ಬಣ್ಣ ನೋಡೂದು ಮಾರಾಕ. ತಿನ್ನಾಕ ಸವಿ ನೋಡ್ತಾರ."

ಪಕ್ಕದ ಹೆಂಗಸರು ನಕ್ಕರು. ಖಾಲಿ ಬಿಟ್ಟರೆ ಸಂಸ್ಥೆಯವರು ಫಾರಂ ತಿರುಗಿಸಿ ಕಳಿಸುತ್ತಾರೆಂದು ಹೆದರಿ ನಾನು 'ಎರಡೂ' ಎಂಬಲ್ಲೇ ಗುರುತು ಹಾಕಿದೆ. ಅವಳ ಸಂಗಾತಿಯನ್ನು ಒಂದೇ ಗೀಟಿನಲ್ಲಿ ಅಳಿಸಿದೆ.

ಲಿಂಗ ನೋಡದೆ ಮನುಷ್ಯರಿಗೆ ಮನಸೋಲುವುದಕ್ಕೆ ಪ್ಯಾನ್‌ಸೆಕ್ಶುವಲ್ ಎಂಬ ಹೆಸರಿದೆಯೆಂದು ಆಮೇಲೆ ಓದಿ ತಿಳಿದೆ. ಗಂಗವ್ವ ಓದದೆಯೇ ತಿಳಿದಿದ್ದಳು.

ನಿಮ್ಮ ಕೈಯಲ್ಲೂ ಇಂಥ ಫಾರಂ ಇದ್ದರೆ ಇವತ್ತೇ ಅದಕ್ಕೊಂದು ಖಾಲಿ ಗೆರೆ ಸೇರಿಸಿ. ಅವರು ಹೇಳಿದ್ದನ್ನು ಅವರು ಹೇಳಿದಂತೆಯೇ ಬರೆಯಿರಿ.