ಇಲ್ಲ ಎನ್ನುವ ಊರಿನಲ್ಲಿ

ಜರ್ಮನಿಗೆ ಬಂದ ಮೊದಲ ಶನಿವಾರ ನನ್ನ ಪಾಲಿಗೆ ಬಂದ ಕೆಲಸವೆಂದರೆ, ಸತ್ತುಹೋದ ಮಗುವೊಂದರ ಮಿದುಳಿನ ಗಡ್ಡೆಗೆ ಊಟ ಹಾಕುವುದು. ಮಗು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಸಂಶೋಧನೆಗೆಂದು ತಂದೆತಾಯಿ ಸಹಿ ಮಾಡಿ ಕೊಟ್ಟ ಗಡ್ಡೆಯ ಚೂರು ಮಾತ್ರ ನಮ್ಮ ಲ್ಯಾಬಿನ ಪ್ಲಾಸ್ಟಿಕ್ ಬಾಟಲಿಯೊಂದರಲ್ಲಿ, ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯೊಳಗೆ ಬೆಳೆಯುತ್ತಲೇ ಇತ್ತು. ಕೆಲಸ ತೋರಿಸಿಕೊಡುತ್ತಿದ್ದ ಕಾತ್ರಿನ್ ಎಂಬ ಸಹೋದ್ಯೋಗಿ ಮೈಕ್ರೋಸ್ಕೋಪಿನಲ್ಲಿ ಇಣುಕಿ, ಎಷ್ಟು ಚೆನ್ನಾಗಿ ಬೆಳೆಯುತ್ತಿವೆ ನೋಡು ಎಂದು ಖುಷಿಪಟ್ಟಳು. ಇಲ್ಲಿ ಈ ಕೆಲಸಕ್ಕೆ ‘ಫ್ಯೂಟರ್ನ್’ ಎನ್ನುತ್ತಾರೆ. ದನಕ್ಕೆ ಮೇವು ಹಾಕುವುದಕ್ಕೂ ಅದೇ ಪದ, ಕೂಸಿನ ಬಾಯಿಗೆ ತುತ್ತು ಇಡುವುದಕ್ಕೂ ಅದೇ ಪದ.

ನಮ್ಮೂರು ಸೇಡಂಗೆ ಫೋನ್ ಮಾಡಿದಾಗಲೆಲ್ಲ ಎಲ್ಲರೂ ಕೇಳುವುದು ಒಂದೇ: ‘ಅಲ್ಲಿ ಖರೇ ಏನ್ ಮಾಡ್ತಿ?’ ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ನನ್ನ ಅವ್ವನಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ. ಅವ್ವನ ಟ್ರಂಕಿನಲ್ಲಿ ಎಲ್ಲ ಸೀರೆಗಳೂ ಇವೆ. ಯಾವುದು ಕೈಗೆ ಸಿಗುವಂತೆ ಮೇಲಿದೆ, ಯಾವುದು ಗಂಟು ಕಟ್ಟಿಸಿಕೊಂಡು ತಳದಲ್ಲಿದೆ ಎನ್ನುವುದರ ಮೇಲೆ ಅವಳು ಇವತ್ತು ಏನು ಉಡುತ್ತಾಳೆ ಎಂಬುದು ನಿಂತಿದೆ. ನಮ್ಮ ಮೈಯ ಪ್ರತಿ ಜೀವಕೋಶದಲ್ಲೂ ಅದೇ ಟ್ರಂಕು, ಅವೇ ಜೀನುಗಳು. ಯಾವುದನ್ನು ಬಿಚ್ಚಿಡಬೇಕು, ಯಾವುದನ್ನು ಕಟ್ಟಿಡಬೇಕು ಎನ್ನುವ ವ್ಯವಸ್ಥೆಯನ್ನು ಓದುವುದೇ ಎಪಿಜೆನೆಟಿಕ್ಸ್. ಎಳೆಯ ಮಿದುಳಿನಲ್ಲಿ, ಮುಂದೆ ತಾವು ಏನಾಗಬೇಕೆಂದು ಇನ್ನೂ ತೀರ್ಮಾನವಾಗದ ಕಾಂಡಕೋಶಗಳಿರುತ್ತವೆ. ಅವು ದೊಡ್ಡವಾಗುವ ಹೊತ್ತಿಗೆ ಬೀಳಬೇಕಾದ ಗಂಟು ಬೀಳದೇ ಹೋದರೆ, ಕೂಸುಗಳಾಗಿಯೇ ಉಳಿದು ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಹೆಚ್ಚುತ್ತಾ ಹೋಗುತ್ತವೆ. ಮಕ್ಕಳ ಮಿದುಳಿನ ಕೆಲವು ಗಡ್ಡೆಗಳು ಹುಟ್ಟುವುದು ಹೀಗೆ. ಆ ಗಂಟನ್ನು ಮತ್ತೆ ಕಟ್ಟಲು ಬರುತ್ತದೆಯೇ ಎಂದು ಹುಡುಕುವುದು ನಮ್ಮ ಕೆಲಸ. ಅವ್ವ ಎಲ್ಲ ಕೇಳಿಸಿಕೊಂಡು, ‘ಅಂದ್ರ ದವಾ ಮಾಡ್ತೀರಿ’ ಎಂದಳು. ದವಾ ಎಂದರೆ ಔಷಧಿ. ‘ಇನ್ನಾ ಇಲ್ಲವ್ವ’ ಎಂದೆ. ‘ಆಗ್ತದ ತಗೋ’ ಎಂದು ವಿಡಿಯೋ ಕಾಲಿನ ಆಚೆ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

ಇಲ್ಲಿ ಮನೆ ಹುಡುಕುವಾಗ ನಾನು ಮೊದಲು ಕಲಿತ ಪದ ‘ನೈನ್’. ಅಂದರೆ ‘ಇಲ್ಲ’. ಏಳು ಮನೆ ನೋಡಿದೆ, ಏಳೂ ಕಡೆ ನೈನ್. ನಿನ್ನ ಒಗ್ಗರಣೆಯ ವಾಸನೆ ಗೋಡೆಗೆ ಹಿಡಿಯುತ್ತದೆ ಎಂದು ಕಾರಣವನ್ನೂ ನಗುನಗುತ್ತಲೇ ಮುಖಕ್ಕೆ ಹೇಳುತ್ತಿದ್ದರು. ಕೊನೆಗೆ ಫ್ರೌ ಬೆಕರ್ ಅವರ ಮನೆಯ ಮೇಲಿನ ಕೋಣೆ ಸಿಕ್ಕಿತು. ಫ್ರೌ ಎಂದರೆ ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಬಾಯಿಯವರು ಎನ್ನುತ್ತೇವಲ್ಲ, ಹಾಗೆ. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸಲೇ? ನೈನ್. ಗೆಳತಿ ಎರಡು ದಿನ ಇರಬಹುದೇ? ನೈನ್. ಹಾಗೆಂದು ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ಸೂಪು ಮಾಡಿ ತಂದುಕೊಟ್ಟವರೂ ಅವರೇ.

ಆಫ್ರಿಕಾದವರ ಅಂಗಡಿಯೊಂದರಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ನನಗೆ ಹಬ್ಬ. ಭಾನುವಾರ ಬೆಳಿಗ್ಗೆ ನಮ್ಮವರಂತೆ ಪಟಪಟ ರೊಟ್ಟಿ ಬಡಿಯುತ್ತಾ ಕುಳಿತೆ. ಮೂರನೆಯ ರೊಟ್ಟಿಗೆ ಫ್ರೌ ಬೆಕರ್ ಮೇಲೆ ಬಂದರು. ಇಂದು ‘ರೂಹೆತ್ಸೈಟ್’, ಸದ್ದು ಮಾಡಬಾರದ ಹೊತ್ತು ಎಂದರು. ಭಾನುವಾರ ಇಲ್ಲಿ ಮೊಳೆ ಸಹ ಹೊಡೆಯುವಂತಿಲ್ಲವಂತೆ. ಕೂರಿಸಿ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ. ಪೂರ್ತಿ ತಿಂದು, ‘ನನಗೆ ರುಚಿಸಲಿಲ್ಲ. ಆದರೆ ಶನಿವಾರ ಬಡಿದುಕೋ’ ಎಂದು ಇಳಿದು ಹೋದರು. ನಮ್ಮ ಓಣಿಯಲ್ಲಿ ರೊಟ್ಟಿ ಸದ್ದು ಕೇಳದಿದ್ದರೆ ಆ ಮನೆಯಲ್ಲಿ ಯಾರಿಗೋ ಆರಾಮಿಲ್ಲ ಎಂದು ಬಂದು ವಿಚಾರಿಸುತ್ತಾರೆ.

ನಮ್ಮಲ್ಲಿ ‘ಇಲ್ಲ’ ಎನ್ನುವವರು ಕಡಿಮೆ. ಹೆಣ್ಣು ಕೇಳಲು ಬಂದವರಿಗೆ ‘ಹೇಳಿ ಕಳಸ್ತೀವ್ರಿ’ ಎನ್ನುತ್ತೇವೆ. ಹೊಲ ಕೇಳಲು ಬಂದವರಿಗೆ ‘ನೋಡೋಣ್ರಿ’ ಎಂದು ಚಹಾ ಕೊಡುತ್ತೇವೆ. ಅದರಲ್ಲೂ ದುಃಖದಲ್ಲಿ ಬಾಗಿಲಿಗೆ ಬಂದವರಿಗೆ ಇಲ್ಲ ಎಂದರೆ ಪಾಪ ಸುತ್ತಿಕೊಳ್ಳುತ್ತದೆ ಎಂದೇ ನಾನು ಬೆಳೆದದ್ದು. ಹೊಸ್ತಿಲಲ್ಲಿ ನಿಂತು ಹೇಳುವಾಗ ಅದು ಹೇಗೋ ನಡೆದುಹೋಗುತ್ತದೆ. ಹೇಳುವವರು ನೆಲ ನೋಡುತ್ತಾರೆ, ಕೇಳುವವರು ಮುಖ ನೋಡಿ ತಿಳಿದುಕೊಳ್ಳುತ್ತಾರೆ.

ಮಾದೇವಿ ಅಕ್ಕ ಕೇಳಿದ್ದು ಹೊಸ್ತಿಲಲ್ಲಿ ನಿಂತಲ್ಲ, ಫೋನಿನಲ್ಲಿ. ಅಕ್ಕ ನನ್ನ ದೊಡ್ಡಪ್ಪನ ಮಗಳು. ಹತ್ತಿರದ ತೆಂಗಳಿ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಸಣ್ಣವಳಿದ್ದಾಗ ನನಗೆ ಹೆರಳು ಹಾಕಿ ಶಾಲೆಗೆ ಕಳಿಸುತ್ತಿದ್ದವಳು ಅವಳೇ. ಅವಳಿಗೆ ಒಬ್ಬಳೇ ಮಗಳು, ಆರು ವರ್ಷದ ಭಾಗ್ಯ.

‘ನೀಲಾ, ಭಾಗ್ಯಾಗ ಹೈದ್ರಾಬಾದ್‌ನ್ಯಾಗ ತೋರ್ಸಿದ್ವಿ. ಮಿದುಳಿನ ಬುಡಕ ಗಡ್ಡಿ ಅದ ಅಂದ್ರು. ಕೊಯ್ಲಿಕ್ಕಿ ಬರಂಗಿಲ್ಲಂತ. ನೀ ಅದೇ ಕೆಲಸ ಮಾಡಾಕತ್ತಿ ಅಲ್ಲೇನು? ನಿಮ್ಮಲ್ಲಿ ದವಾ ಅದೇನು?’

ಅವಳು ವಾಟ್ಸಾಪಿನಲ್ಲಿ ಕಳಿಸಿದ್ದ ರಿಪೋರ್ಟ್ ಓದಿದ್ದೆ. ನನ್ನ ಬಾಟಲಿಗಳಲ್ಲಿ ಬೆಳೆಯುವ ಗಡ್ಡೆಯೇ ಅದು. ಆ ಗಡ್ಡೆಯಿಂದ ಬದುಕುಳಿದ ಮಕ್ಕಳನ್ನು ನಾನು ಬಲ್ಲವಳಲ್ಲ. ಆರು ವಾರ ದಿನಾ ರೇಡಿಯೇಷನ್ ಕೊಡಿಸಿದರೆ ಕೆಲವು ತಿಂಗಳು ಒಳ್ಳೆಯದಾಗಿ ಕಳೆಯುತ್ತವೆ, ಅಷ್ಟೇ. ಇಷ್ಟು ಗೊತ್ತಿದ್ದೂ ನನ್ನ ಬಾಯಿಂದ ಬಂದ ಮಾತು ಬೇರೆ.

‘ಕೆಲಸ ನಡದದಕ್ಕಾ. ನೋಡೋಣು. ನೀ ಫಿಕರ್ ಮಾಡಬ್ಯಾಡ.’

ಫೋನಿಟ್ಟ ಮೇಲೆ ಒಳ್ಳೆಯ ಮಾತಾಡಿದೆ ಎನ್ನುವ ಸಮಾಧಾನವೂ ಆಗಿತ್ತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರು ವಾರ ನಾನು ಫೋನ್ ಮಾಡಲಿಲ್ಲ. ಚಿಕಿತ್ಸೆ ನಡೆದಿರುತ್ತದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹೆದರಿ ಮಾಡಲಿಲ್ಲ. ಒಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಂಡು, ಕರೆಂಟ್ ಹೇಗೆ ನಡೆದಿದೆ ಎಂದು ಕೇಳಿದೆ. ರೇಡಿಯೇಷನ್ನಿಗೆ ನಮ್ಮವರು ಕರೆಂಟ್ ಎಂದೇ ಹೇಳುವುದು.

‘ಕರೆಂಟ್ ಬ್ಯಾಡಂದ್ವಿ’ ಎಂದಳು ಅಕ್ಕ, ಹಗುರಾದ ದನಿಯಲ್ಲಿ. ‘ಸಣ್ಣ ಕೂಸಿಗಿ ಸುಡ್ತದ, ಕೂದಲಾ ಉದುರ್ತಾವ ಅಂದ್ರು ಮಂದಿ. ಹ್ಯಾಂಗಿದ್ರೂ ನೀಲಾನ ದವಾ ಬರ್ತದಲ್ಲ ಅಂತ ನಮ್ಮ ಮನಿಯವ್ರೂ ಅಂದ್ರು. ಮನೀಗಿ ಕರ್ಕೊಂಡು ಬಂದೀವಿ. ಒಂದ್ ಕಾಲ್ ಎಳ್ಯಾಕತ್ತಾಳ, ನೀರ್ ಕುಡುದ್ರ ನೆತ್ತಿಗಿ ಏರ್ತದ. ದವಾ ಯಾವಾಗ ಬರ್ತದ ತಂಗಿ?’

ಆಮೇಲೆ ಮಾಡ್ತೀನಿ ಎಂದು ಫೋನ್ ಕಡಿದು ಲ್ಯಾಬಿನಿಂದ ಹೊರಗೆ ಬಂದೆ. ಈ ಊರು ನೆಕ್ಕರ್ ಎಂಬ ನದಿಯ ದಂಡೆಯಲ್ಲಿದೆ. ಅವತ್ತು ನೀರು ಏರಿ, ದಂಡೆಯ ದಾರಿಗೆ ಅಡ್ಡಗಟ್ಟಿ ಬೋರ್ಡ್ ಹಾಕಿದ್ದರು. ಅದನ್ನು ನೋಡಿದಾಗ ನನ್ನ ಮುತ್ಯಾ, ಅಂದರೆ ಅಜ್ಜ, ನೆನಪಾದ. ನಮ್ಮ ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದವನು. ಹೊಳೆ ತುಂಬಿ ಬಂದ ದಿನ ದಂಡೆಯಲ್ಲಿ ನಿಂತು, ಬಾಣಂತಿ ನೋಡಲು ಹೋಗುವವರು, ಸತ್ತವರ ಮಣ್ಣಿಗೆ ಹೋಗುವವರು ಎಲ್ಲರೂ ಕೈಮುಗಿದು ಕೇಳುತ್ತಿದ್ದರಂತೆ. ಮುತ್ಯಾ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತು ‘ಇಲ್ಲ’ ಎನ್ನುತ್ತಿದ್ದನಂತೆ. ನೋಡೋಣ ಎಂದರೆ ಅವರು ಸಂಜೆಯವರೆಗೆ ಅಲ್ಲೇ ನಿಲ್ಲುತ್ತಾರೆ, ಇಲ್ಲ ಎಂದರೆ ಸುತ್ತು ಬಳಸಿಯಾದರೂ ಊರು ಸೇರುತ್ತಾರೆ ಎಂದು ಅವನೇ ನಮಗೆ ಹೇಳುತ್ತಿದ್ದ. ನಾನೋ, ಇಲ್ಲ ಎನ್ನುವುದನ್ನು ಜರ್ಮನಿಯವರಿಂದ ಕಲಿಯಬೇಕು ಎಂದುಕೊಂಡಿದ್ದೆ.

ಅಲ್ಲಿಂದಲೇ ಫೋನ್ ಮಾಡಿದೆ.

‘ಅಕ್ಕಾ, ದವಾ ಇಲ್ಲ.’

‘ತಡಾ ಆಗ್ತದೇನು?’

‘ತಡಾ ಅಲ್ಲಕ್ಕಾ. ಇಲ್ಲ. ನನ್ನ ಬಲ್ಲಿ ಇಲ್ಲ, ಯಾರ ಬಲ್ಲೀನೂ ಇಲ್ಲ. ಅವತ್ತ ನಾ ತಪ್ಪು ಹೇಳ್ದೆ. ಕರೆಂಟ್ ಕೊಡ್ಸಿದ್ರ ಒಂದಿಷ್ಟ್ ತಿಂಗಳು ಆಡ್ಕೋಂತ ಇರ್ತಾಳ. ನಾಳೀಗೆ ಹೋಗ್ರಿ.’

‘ಆಮ್ಯಾಲ?’

‘ಆಮ್ಯಾಲ ಉಳಿಯಂಗಿಲ್ಲಕ್ಕಾ.’

ಅಕ್ಕ, ‘ಇದು ಅವತ್ತೇ ಅನ್ನಬೇಕಿತ್ತು ತಂಗಿ’ ಎಂದಳು. ಬಯ್ದಿದ್ದರೆ ಸಹಿಸುತ್ತಿದ್ದೆ.

ಮರುದಿನವೇ ಹೈದರಾಬಾದಿಗೆ ಹೋದರು. ಆರು ವಾರ ಭಾಗ್ಯ ಕಣ್ಣುಮುಚ್ಚಿ ಯಂತ್ರದ ಕೆಳಗೆ ಮಲಗಿದಳು. ಎಳೆಯುತ್ತಿದ್ದ ಕಾಲು ಸರಿಹೋಯಿತು. ಬೇಗ ಶುರುಮಾಡಿದ್ದರೆ ಇನ್ನೂ ಎಷ್ಟು ದಿನ ಸಿಗುತ್ತಿತ್ತು ಎಂದು ಡಾಕ್ಟರಿಗೂ ಹೇಳಲಾಗದು, ನನಗೂ ಹೇಳಲಾಗದು. ಕಳೆದುಹೋದ ಆ ಮೂರು ವಾರ ಮಾತ್ರ ನನ್ನ ಎದೆಯಲ್ಲೇ ಕುಳಿತಿವೆ.

ಈ ವಿಷಯ ಹೇಳಿದಾಗ ಫ್ರೌ ಬೆಕರ್ ಕಪ್ಪು ಕೆಳಗಿಟ್ಟು, ‘ಮೂರು ವಾರ ಸುಮ್ಮನಿದ್ದೆಯಾ?’ ಎಂದರು. ರಜೆ ಹಾಕಿ ಸೇಡಂಗೆ ಹೋದಾಗ ಅವ್ವ ಬೇರೆಯದಕ್ಕೇ ಬಯ್ದಳು: ‘ಹೆತ್ತಾಕಿ ಮುಂದ ಉಳಿಯಂಗಿಲ್ಲ ಅಂತಾರೇನು? ಅಲ್ಲಿ ಮಂದಿ ಕೂಡಿ ನಿನ್ನ ಎದಿ ಕಲ್ಲಾಗ್ಯದ.’ ಅಲ್ಲಿ ನಾನು ಬಾಯಿಬಿಡದ ಹೇಡಿ, ಇಲ್ಲಿ ಬಾಯಿಗೆ ಹಿಡಿತವಿಲ್ಲದ ಕಟುಕಿ. ‘ಅಲ್ಲಿ’, ‘ಇಲ್ಲಿ’ ಎಂದು ಬರೆಯುವಾಗಲೂ ಯಾವುದು ಯಾವ ಊರು ಎಂದು ನನಗೇ ಗಲಿಬಿಲಿಯಾಗುತ್ತದೆ ನೋಡಿ.

ತೆಂಗಳಿಗೆ ಹೋದೆ. ಅಕ್ಕ ಪುಂಡಿಪಲ್ಯ ರೊಟ್ಟಿ ಹಾಕಿಕೊಟ್ಟು, ದೂರ ಗೋಡೆಗೆ ಒರಗಿ ಕುಳಿತಳು. ಭಾಗ್ಯ ತಂಪಾದ ಪರಸಿ ಕಲ್ಲಿನ ನೆಲದ ಮೇಲೆ ಬೋರಲು ಮಲಗಿ ನನ್ನ ಫೋನಿನಲ್ಲಿ ಜೀವಕೋಶಗಳ ಫೋಟೋ ನೋಡುತ್ತಿದ್ದಳು. ಗುಂಡಗೆ ಗುಂಪುಗೂಡಿದ್ದವು.

‘ಇವು ಏನ್ ತಿಂತಾವ ಚಿಗವ್ವಾ?’

‘ಕೆಂಪು ನೀರು. ಪ್ರತಿ ಶನಿವಾರ ನಾನೇ ಹಾಕ್ತೀನಿ.’

‘ನನಗೂ ತೋರ್ಸು.’

ಅವು ಏನು ಎಂದು ನಾನು ಹೇಳಲಿಲ್ಲ. ಹೊರಡುವಾಗ ಅಕ್ಕ ಬಸ್ಸಿನವರೆಗೆ ಬಂದಳು. ಹಣೆಗೆ ಕುಂಕುಮ ಹಚ್ಚುತ್ತಾ, ‘ನನ್ನ ಮುಂದ ಇನ್ನ ಮ್ಯಾಲ ಖರೇನೇ ಹೇಳು, ಎಷ್ಟೇ ಕೆಟ್ಟದಿರಲಿ. ಆಕಿ ಮುಂದ ಮಾತ್ರ ಬ್ಯಾಡ’ ಎಂದಳು.

ಅಂದಿನಿಂದ ಪ್ರತಿ ಶನಿವಾರ ಲ್ಯಾಬಿನಿಂದ ವಿಡಿಯೋ ಕಾಲ್ ಮಾಡುತ್ತೇನೆ. ಇಲ್ಲಿ ಬೆಳಿಗ್ಗೆ, ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಅವಳು ಉಣ್ಣುತ್ತಾಳೆ, ನಾನು ಬಾಟಲಿಗಳ ನೀರು ಬದಲಿಸುತ್ತೇನೆ. ಹಸಿದ ಬಾಟಲಿಯ ನೀರು ಹಳದಿಯಾಗಿರುತ್ತದೆ, ಹೊಸದು ಕೆಂಪಗಿರುತ್ತದೆ. ಯಾವುದು ಹಸಿದಿದೆ ಎಂದು ಈಗ ಅವಳೇ ಹೇಳಬಲ್ಲಳು. ಕಾತ್ರಿನ್‌ಗೆ ಅವಳ ಹೆಸರು ಗೊತ್ತು. ಪಕ್ಕದಲ್ಲಿ ಹಾದುಹೋಗುವಾಗ ‘ಬಾಗ್ಯಾ’ ಎಂದು ಕೈಬೀಸುತ್ತಾಳೆ.

ಕಳೆದ ಶನಿವಾರ ಅವಳ ಎಡಗಣ್ಣು ಮೂಗಿನ ಕಡೆಗೆ ತಿರುಗಿತ್ತು, ಗಡ್ಡೆ ಮತ್ತೆ ಬೆಳೆಯುತ್ತಿರುವ ಗುರುತು. ನಾನು ನೋಡಿದೆ. ಅಕ್ಕ ಫೋನನ್ನು ಭಾಗ್ಯಳ ಬಲಗಡೆಗೆ ಸರಿಸಿ ಹಿಡಿದಳು, ಅವಳೂ ನೋಡಿದ್ದಾಳೆ. ಅಕ್ಕ ಒಬ್ಬಳೇ ಇದ್ದಾಗ ಕೇಳುತ್ತಾಳೆ, ಹೇಳುತ್ತೇನೆ. ಅದಕ್ಕೆ ತಯಾರಾಗಿದ್ದೆ. ಆದರೆ ಕೇಳಿದವಳು ಭಾಗ್ಯ.

‘ಚಿಗವ್ವಾ, ನನ್ನ ದವಾ ಆಯ್ತೇನು?’

ಮುತ್ಯಾ ಆಗಿದ್ದರೆ ಏನು ಹೇಳುತ್ತಿದ್ದನೋ. ಫ್ರೌ ಬೆಕರ್ ಏನು ಹೇಳುತ್ತಿದ್ದರೆಂದು ಗೊತ್ತಿದೆ.

‘ನೋಡೋಣು ಬಂಗಾರ’ ಎಂದೆ.

ಅವಳು ನನ್ನ ಕೈಯಲ್ಲಿದ್ದ ಬಾಟಲಿಯ ಕಡೆ ಬೆರಳು ತೋರಿಸಿದಳು.

‘ಅದರ ನೀರು ಹಳದಿ ಆಗ್ಯದ ನೋಡು. ಹಸದಾವ. ಮೊದಲು ಅವಕ್ಕ ಊಟ ಹಾಕು.’

ನಾನು ಹಾಕಿದೆ.