ಚಂದವಾಗಿ ಸುತ್ತಿಟ್ಟ ತಂತಿ

೧೯೯೮ರಲ್ಲಿ ನಾನು ಸಾಲಿ ಬಿಟ್ಟೆ, ಒಂಬತ್ತನೆಯ ಇಯತ್ತೆಯಲ್ಲಿ. ಬಿಟ್ಟೆ ಅನ್ನುವುದು ಬಾಯಿಮಾತು, ಖರೇ ಹೇಳಬೇಕೆಂದರೆ ಬಿಡಿಸಿದರು. ಬಿಡಿಸಿದವರು ಮಾಸ್ತರರಲ್ಲ, ನಮ್ಮಪ್ಪನೂ ಅಲ್ಲ. ನಮ್ಮೂರಿನ ಕರೆಂಟಿನ ಕಂಬಗಳನ್ನು ನೋಡಿಕೊಳ್ಳುತ್ತಿದ್ದ ವಾಯರಮನ್. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಮರ್ಯಾದೆ ಉಳಿಸಲಿಕ್ಕಲ್ಲ. ಹೆಸರು ಬರೆದರೆ ಅವನೊಬ್ಬನೇ ಹಾಗಿದ್ದ ಅಂದಂತಾಗುತ್ತದೆ.

ಮೊನ್ನೆ ಬಿಳೂರಿನ ರೈತನೊಬ್ಬ ಸುಟ್ಟುಹೋದ ಮೋಟರನ್ನು ತಂದು ನನ್ನ ಅಂಗಡಿಯ ಮುಂದೆ ಇಳಿಸಿದ. ಮುಚ್ಚಳ ಬಿಚ್ಚಿದೆ. ಒಳಗಿನ ತಾಮ್ರದ ಸುರುಳಿ ಕರ್ರಗಾಗಿತ್ತು. ವಾರ್ನಿಷು ಸುಟ್ಟ ವಾಸನೆ ಮುಖಕ್ಕೆ ಹೊಡೆಯಿತು. ಮೋಟರು ರಿವೈಂಡಿಂಗ್ ನನ್ನ ಕಸುಬು, ಆ ವಾಸನೆ ದಿನಾ ಇದ್ದದ್ದೇ, ಮೂಗಿಗೆ ಅದರ ಲೆಕ್ಕವೂ ಇರುವುದಿಲ್ಲ. ಆದರೆ ಅವತ್ತು ರೈತ ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದ. “ಸುದ್ದಿ ಮುಟ್ಟೇತೇನ್ರಿ ಮಾಲಕ್ರ? ನಿಮ್ಮೂರಾಗಿದ್ದ ಆ ಹಳೀ ವಾಯರಮನ್ ಹೋದ್ನಂತ್ರಿ.” ನಾನು ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಿದ್ದೆ, ಹಾಕುತ್ತಲೇ ಇದ್ದೆ. ವಾಸನೆ ಮಾತ್ರ ಮೂಗಿನಲ್ಲಿ ನಿಲ್ಲದೆ ಇನ್ನೂ ಒಳಕ್ಕೆ ಇಳಿಯಿತು...

ಎತ್ತರದ ಆಳು ಅವನು. ಖಾಕಿ ಪ್ಯಾಂಟು, ಹಿಂದಿನ ಕಿಸೆಯಲ್ಲಿ ತಂತಿ ಕತ್ತರಿಸುವ ಕೆಂಪು ಹಿಡಿಯ ಪಕ್ಕಡ, ದವಡೆಯಲ್ಲಿ ಯಾವಾಗಲೂ ಅಡಿಕೆ. ಏಣಿ ಇಲ್ಲದೆ ಕಂಬ ಹತ್ತುತ್ತಿದ್ದ. ನಗು ಭಾಳ ಚಲೋ ಇತ್ತು. ಕೆಡುಕು ಮಾಡುವವನ ನಗುವೂ ಕೆಟ್ಟದಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಲೆಕ್ಟರರನ್ನು ನಾವು ಕಂಡವರಲ್ಲ. ತಹಸೀಲದಾರರು ತಾಲೂಕಿನ ಊರು ಜತ್ತಿನಲ್ಲಿ, ಬಾಗಿಲ ಪರದೆಯ ಆಚೆ. ಗಡಿಯೂರು ನಮ್ಮದು. ಸಾಲಿ ಕನ್ನಡದ್ದು, ಕಾಗದಪತ್ರ ಮರಾಠಿಯದು, ಪೇಟೆ ವಿಜಯಪುರದ್ದು. ಹೀಗೆ ಮೂರು ಕಡೆ ಹರಿದು ಹಂಚಿಹೋದ ನಮಗೆ ಸರ್ಕಾರ ಅಂದರೆ ಏನು ಅಂತ ಯಾರಾದರೂ ಕೇಳಿದ್ದರೆ, ಆ ಕೆಂಪು ಹಿಡಿಯ ಪಕ್ಕಡವನ್ನೇ ತೋರಿಸುತ್ತಿದ್ದೆವು. ಹಗಲು ಕರೆಂಟು ಬೇಕೆ, ಅದನ್ನು ಕೇಳು. ಕಂಬ ವಾಲಿದೆಯೆ, ಅದನ್ನು ಕೇಳು.

ಆಗಿನ್ನೂ ನಮ್ಮಲ್ಲಿ ಆಯ ಕೊಡುವ ರೂಢಿ ಇತ್ತು. ವರ್ಷವಿಡೀ ಕುಂಟೆ ಕೂರಿಗೆ ಮಾಡಿಕೊಟ್ಟ ಬಡಿಗ, ನೇಗಿಲಿನ ಕುಡ ಹಣಿದುಕೊಟ್ಟ ಕಮ್ಮಾರ, ಇವರು ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಜೋಳ ಒಯ್ಯುತ್ತಿದ್ದರು. ವಾಯರಮನ್ನನೂ ಬರತೊಡಗಿದ. ಮೊದಲ ವರ್ಷ ಮಂದಿ ಖುಷಿಯಿಂದಲೇ ಕೊಟ್ಟರು, ಮನೆಗೆ ಬೆಳಕು ತಂದವನಲ್ಲವೆ? ಎರಡನೆಯ ವರ್ಷ ಅವನೇ ಚೀಲ ತಂದ. ಆಮೇಲೆ ಚೀಲದ ಅಳತೆಯನ್ನೂ ಅವನೇ ಹೇಳತೊಡಗಿದ.

ಆ ವರ್ಷ ನಮ್ಮ ಕಣಕ್ಕೆ ಬಂದು ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. “ಕಾಕಾ, ನಂದೊಂದ ಚೀಲ ತೆಗದಿಡ್ರಿ, ಸಂಜಿಕ ಗಾಡಿ ಕಳಸ್ತೀನಿ,” ಅಂದ.

ಅಪ್ಪ ಮೊರದಲ್ಲಿ ಜೋಳ ತೂರುತ್ತಿದ್ದವನು ಕೈ ನಿಲ್ಲಿಸಲಿಲ್ಲ. “ಸಾಹೇಬ್ರ, ಬಡಿಗ್ಯಾಗ ಪಗಾರಿಲ್ಲ. ಅದಕ್ಕ ಆಯಾ ಕೊಡ್ತೀವಿ. ನಿಮಗ ಸರಕಾರ ಪಗಾರ ಕೊಡತೈತಿ. ಎರಡೂ ಕಡಿ ಉಣಬ್ಯಾಡ್ರಿ, ಹೊಟ್ಟಿ ಕೆಡತೈತಿ.”

ಆಳುಗಳು ನಕ್ಕರು. ಅವನೂ ನಕ್ಕ. “ಭಾರೀ ಕಾಯದೆ ಓದೀರಿ ಬಿಡ್ರಿ ಕಾಕಾ!” ಅಂದು, ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಮಜ್ಜಿಗೆಯನ್ನು ಹೊಗಳಿ, ಗಾಡಿ ಹತ್ತಿ ಹೋದ.

ಎರಡು ದಿನ ಬಿಟ್ಟು ನಮ್ಮ ಬಾವಿಯ ಮೋಟರು ಏಳಲಿಲ್ಲ. ಹೋಗಿ ನೋಡಿದರೆ, ಕಂಬದಿಂದ ಬಾವಿಗೆ ಬರುವ ತಂತಿಯನ್ನು ಯಾರೋ ಬಿಚ್ಚಿದ್ದರು. ಹರಿದಿರಲಿಲ್ಲ, ಕಡಿದಿರಲಿಲ್ಲ. ಬಿಚ್ಚಿ, ಹೊಸ ಹಗ್ಗದ ಹಾಗೆ ಚಂದವಾಗಿ ಸುತ್ತಿ, ಕಂಬಕ್ಕೇ ತೂಗುಹಾಕಿದ್ದರು. ಅಷ್ಟು ಚಂದ ಸುತ್ತುವ ಕೈ ನಮ್ಮೂರಲ್ಲಿ ಒಂದೇ ಇತ್ತು. ಬಿಲ್ಲು ಕಟ್ಟಿದ್ದೆವು. ಅಪ್ಪ ಜತ್ತಿನ ಆಫೀಸಿಗೆ ಹೋಗಿ ಬಂದ. ಅಲ್ಲಿಯವರು ನಿಮ್ಮೂರಿನ ವಾಯರಮನ್ನರನ್ನೇ ಕಾಣಿರಿ ಅಂದರು. ವಾಯರಮನ್ನನನ್ನು ಕಂಡರೆ ಅವನು, “ಲೈನ್ ಫಾಲ್ಟ್ ಐತಿ ಕಾಕಾ. ರಿಪೋರ್ಟ್ ಮ್ಯಾಲ ಕಳಿಸೀನಿ,” ಅಂದ. ಅದೇ ಚಲೋ ನಗು.

ಕಂಬ ಹತ್ತಿ ನಾವೇ ಜೋಡಿಸಿಕೊಳ್ಳಬಹುದಿತ್ತು, ಊರಲ್ಲಿ ಎಷ್ಟೋ ಮಂದಿ ಹಾಗೆಯೇ ಮಾಡುತ್ತಿದ್ದರು. ಅಪ್ಪ ಒಪ್ಪಲಿಲ್ಲ. “ಬಿಚ್ಚಿದವ್ನಽ ಜೋಡಸ್ಲಿ,” ಅಂದ. ಬೇಸಿಗೆ ಎದುರಿಗಿತ್ತು. ಎರಡು ಎಕರೆ ದಾಳಿಂಬೆ ಸಸಿ ಆಗ ತಾನೇ ಮೊಣಕಾಲೆತ್ತರ ಬಂದಿದ್ದವು. ಬಾವಿಯಲ್ಲಿ ನೀರಿತ್ತು, ಮೇಲೆ ತರುವುದು ಹೇಗೆ? ರಾಟಿ ಕಟ್ಟಿದೆವು. ಅಪ್ಪ ಸೇದುವುದು, ನಾನೂ ಅವ್ವನೂ ಕೊಡ ಹೊರುವುದು. ಸಾಲಿಯ ಹಾಜರಿ ಕೂಗುವ ಹೊತ್ತಿಗೆ ನಾನು ದಾಳಿಂಬೆ ಸಾಲಿನ ನಡುವೆ ಇರುತ್ತಿದ್ದೆ. ವಾರ್ಷಿಕ ಪರೀಕ್ಷೆ ಬಂತು, ಹೋಯಿತು. ನಾನೇನು ಜಾಣ ವಿದ್ಯಾರ್ಥಿ ಆಗಿರಲಿಲ್ಲ. ಇಂಗ್ಲಿಷಿನಲ್ಲಿ ನಾಪಾಸೇ ಆಗುತ್ತಿದ್ದೆನೇನೋ. ಆದರೆ ನಾಪಾಸಾಗುವುದು ನನ್ನ ಹಕ್ಕಾಗಿತ್ತು. ಅದನ್ನು ಅವನು ಪಕ್ಕಡದಲ್ಲಿ ಕಿತ್ತುಕೊಂಡ.

ಕೊನೆಗೆ ಸೋತವಳು ಅವ್ವ. ಅಪ್ಪನಿಗೆ ತಿಳಿಯದ ಹಾಗೆ ಒಂದು ಚೀಲ ಜೋಳವನ್ನು ಅವನ ಮನೆಗೆ ಮುಟ್ಟಿಸಿದಳು. ಮರುದಿನ ತಂತಿ ಕಂಬದಿಂದ ಬಾವಿಗೆ ಮತ್ತೆ ಬಿಗಿಯಾಗಿ ನಿಂತಿತ್ತು. ಅಪ್ಪ ತಾನೇ ಗೆದ್ದೆ ಅಂದುಕೊಂಡು ಮೋಟರಿನ ಸ್ವಿಚ್ಚು ಒತ್ತಿದ. ಮೋಟರು ಏಳಲಿಲ್ಲ, ಗುಂಯ್ ಅಂದಿತು. ಆಮೇಲೆ ಆ ವಾಸನೆ... ಮೂರು ತಂತಿ ಜೋಡಿಸುವ ಕಡೆ ಅವನು ಎರಡೇ ಜೋಡಿಸಿ ಇಳಿದಿದ್ದ. ಬೇಕಂತಲೇ ಮಾಡಿದನೋ, ಬೇಫಿಕೀರಿಯಿಂದ ಮಾಡಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡರಲ್ಲಿ ಯಾವುದು ಹೆಚ್ಚಿನ ಪಾಪ ಅನ್ನುವುದೂ ಗೊತ್ತಿಲ್ಲ.

ಜೋಳದ ಸಂಗತಿ ಅಪ್ಪನಿಗೆ ಸಂಜೆಯೊಳಗೆ ತಿಳಿಯಿತು. ಅವ್ವನನ್ನು ಬೈಯಲಿಲ್ಲ. ಆದರೆ ಆಮೇಲೆ ಆ ಸ್ವಿಚ್ಚಿಗೆ ಅವನು ಕೈ ಹಚ್ಚುವುದನ್ನೇ ಬಿಟ್ಟ. ನೀರು ಬೇಕಾದರೆ ಅವ್ವನನ್ನು ಕರೆಯುತ್ತಿದ್ದ, ನಾನು ಊರಲ್ಲಿದ್ದರೆ ನನ್ನನ್ನು. ತನ್ನ ಬಾವಿಯ ದಂಡೆಯ ಮೇಲೆ ತಾನೇ ಬೀಗರ ಮನೆಗೆ ಬಂದವನ ಹಾಗೆ ನಿಲ್ಲುತ್ತಿದ್ದ.

ಸುಟ್ಟ ಮೋಟರನ್ನು ವಿಜಯಪುರಕ್ಕೆ ಒಯ್ದೆವು. ಅಲ್ಲಿಯ ರಿವೈಂಡಿಂಗ್ ಅಂಗಡಿಯಲ್ಲಿ ಹುಡುಗರು ಬೇಕಾಗಿದ್ದರು. ಮೋಟರು ಊರಿಗೆ ಬಂತು, ನಾನು ಅಲ್ಲೇ ಉಳಿದೆ. ತಾಮ್ರ ಸುತ್ತುವುದು ಕಲಿತೆ, ಬೈಸಿಕೊಂಡೆ, ಬೆರಳು ಸುಟ್ಟುಕೊಂಡೆ, ಮತ್ತೆ ಸುತ್ತಿದೆ. ವರ್ಷಗಳ ಮೇಲೆ ಉಮದಿ ರಸ್ತೆಗೆ ಸ್ವಂತ ಅಂಗಡಿ ಹಾಕಿದೆ. ನನಗೆ ಯಾರೂ ಒಂದು ಮೊಳೆ ದಾನ ಕೊಟ್ಟಿಲ್ಲ. ನಾನೂ ಕೇಳಿಲ್ಲ.

ಮೊದಲ ಸಲ ಸೋಲಾರ್ ಪಂಪು ನೋಡಿದ್ದು ಸೊರಡಿಯ ಕಡೆ ಒಂದು ಹೊಲದಲ್ಲಿ. ಬಿಸಿಲು ಬಿದ್ದಿತ್ತು, ನೀರು ಬೀಳುತ್ತಿತ್ತು. ನಾನು ಸುತ್ತ ಒಂದು ಸಲ ತಿರುಗಿ ನೋಡಿದೆ. ಕಂಬ ಇಲ್ಲ. ಕಂಬವೇ ಇಲ್ಲ! ಆ ಕೆಲಸವನ್ನೂ ಕಲಿತು, ನನ್ನ ಕೈಯಾರೆ ಮೊದಲು ಕೂರಿಸಿದ ಪಂಪು ನಮ್ಮ ಬಾವಿಯದೇ. ಪೂರಾ ರೊಕ್ಕ ಕೊಟ್ಟೇ ತಂದೆ. ಸರ್ಕಾರದ ಸ್ಕೀಮಿನಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ ಎಂದು ಮಂದಿ ನಕ್ಕರು. ಸಿಗುತ್ತದೆ, ನಿಜ. ತಗೊಂಡವರನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಕೊಟ್ಟ ಕೈ ನಾಳೆ ಕಣಕ್ಕೂ ಬರುತ್ತದೆ, ಅದನ್ನು ನಾನು ನೋಡಿದ್ದೇನೆ.

ಪಂಪು ಕೂತ ಮೇಲೆ, ನಮಗೆ ನಿಮ್ಮ ಕನೆಕ್ಷನ್ ಬೇಡ, ತಂತಿ ಬಿಚ್ಚಿಕೊಳ್ಳಿ ಎಂದು ಬರೆದುಕೊಟ್ಟೆ. ಅವನು ಬಂದ. ರಿಟಾಯರಾಗುವುದು ಹತ್ತಿರ ಬಂದಿತ್ತು. ಹೊಟ್ಟೆ ಬಂದಿತ್ತು, ಈಗ ಏಣಿ ಬೇಕಾಗುತ್ತಿತ್ತು.

“ತಮ್ಮಾ, ನಾಳಿ ಹುಡುಗ್ರನ ಕಳಸ್ತೀನಿ, ಅವ್ರ ಬಿಚ್ಚತಾರ,” ಅಂದ.

“ಇಲ್ರಿ ಸಾಹೇಬ್ರ. ರೂಢಿ ಇದ್ದವ್ರಽ ಬಿಚ್ಚಬೇಕು,” ಅಂದೆ.

ಅಪ್ಪನಿಗೆ ಕುರ್ಚಿ ಹಾಕಿಸಿದ್ದೆ, ಕಂಬದ ಎದುರಿಗೇ. ವಾಯರಮನ್ ಲೈನು ಬಂದ್ ಮಾಡಿ, ಏಣಿ ಹತ್ತಿ, ಏದುಸಿರು ಬಿಡುತ್ತ ತಂತಿ ಬಿಚ್ಚಿದ. ಇಳಿದು ಮುದ್ದೆ ಮಾಡಿ ಒಗೆಯಲು ಹೋದಾಗ ನಾನು ತಡೆದೆ. “ಹಂಗಲ್ರಿ. ಚಂದಂಗ ಸುತ್ತರಿ. ಆವತ್ತ ಎಷ್ಟ ಚಂದ ಸುತ್ತಿದ್ದ್ರಿ!”

ಅವನು ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ನಗಲಿಲ್ಲ. ಕೂತು, ಮೊಣಕೈಗೆ ಹಾಕಿ ಸುತ್ತಿದ. ಚಂದವಾಗಿಯೇ ಸುತ್ತಿದ, ಕೈಗೆ ಅದೊಂದು ಬರುತ್ತಿತ್ತು. ಅಪ್ಪ ಎದ್ದು, ಬಾವಿಯ ಕಡೆ ನಡೆದು, ಹೊಸ ಪೆಟ್ಟಿಗೆಯ ಗುಂಡಿಯನ್ನು ತಾನೇ ಒತ್ತಿದ. ನೀರು ಬಂತು. ಆ ನೀರಲ್ಲಿ ಮುಖ ತೊಳೆದುಕೊಂಡು, ಒರೆಸಿಕೊಳ್ಳದೆ ಹಾಗೇ ನಿಂತ. ಅಪ್ಪನನ್ನು ನೆನೆದಾಗ ನನಗೆ ಆ ಒದ್ದೆ ಮುಖವೇ ಬರುತ್ತದೆ... ಮುಂದಿನ ವರ್ಷ ಹೋಗಿಬಿಟ್ಟ.

ನನ್ನ ಸಿಟ್ಟು ಅಷ್ಟಕ್ಕೇ ತಣಿಯಿತು ಅಂದುಕೊಂಡಿದ್ದರೆ ಅದು ನಿಮ್ಮ ತಪ್ಪು. ಸೋಲಾರ್ ಪಂಪು ಕೂರಿಸಿ ಊರಿನ ಒಂದೊಂದೇ ಬಾವಿಯನ್ನು ಆ ಪಕ್ಕಡದ ಕೈಯಿಂದ ಬಿಡಿಸುತ್ತ ಹೋದೆ. ಪ್ರತಿ ತಂತಿ ಇಳಿದಾಗ ಮನಸ್ಸಿನಲ್ಲೇ ಅವನಿಗೆ ಒಂದು ನಮಸ್ಕಾರ ಹಾಕುತ್ತಿದ್ದೆ.

ಅವನು ರಿಟಾಯರಾಗಿ ಊರ ಹೊರಗೆ, ತೋಟದಲ್ಲಿ ಮನೆ ಕಟ್ಟಿಸಿದ. ಹೋದ ಬೇಸಿಗೆಯಲ್ಲಿ ನನ್ನ ಅಂಗಡಿಗೆ ಬಂದ. ಈಗಿನ ವಾಯರಮನ್ ಕಾಂಟ್ರ್ಯಾಕ್ಟಿನ ಹುಡುಗ, ಅವನಿಗೆ ಈ ಮುದುಕನ ಪರಿಚಯವಿಲ್ಲ, ಫೋನೂ ಎತ್ತುವುದಿಲ್ಲ. ಎರಡು ದಿನಕ್ಕೊಮ್ಮೆ ಲೈನು ಹೋಗುತ್ತದೆ, ಫ್ಯಾನಿಲ್ಲದೆ ನಿದ್ದೆ ಇಲ್ಲ. “ತಮ್ಮಾ, ನಮ್ಮ ಮನಿ ಮ್ಯಾಲೂ ಎರಡ ಸೋಲಾರ್ ಪ್ಲೇಟ್ ಕುಂದ್ರಸೋ ಮಾರಾಯಾ. ರೊಕ್ಕ ಪೂರಾ ಕೊಡ್ತೀನಿ,” ಅಂದ.

“ಕುಂದ್ರಿ ಸಾಹೇಬ್ರ,” ಅಂದೆ. ಚಹಾ ತರಿಸಿದೆ. ಅವನು ಅರ್ಧ ಕುಡಿಯುವತನಕ ತಡೆದೆ. ಆಮೇಲೆ ಹೇಳಿದೆ: “ಲೈನ್ ಫಾಲ್ಟ್ ಐತ್ರಿ. ರಿಪೋರ್ಟ್ ಮ್ಯಾಲ ಕಳಿಸೀನಿ.”

ಮೊದಲು ಅವನಿಗೆ ಹೊಳೆಯಲಿಲ್ಲ. ಹೊಳೆದಾಗ ಚಹಾದ ಬಸಿ ಕೆಳಗಿಟ್ಟ. ಬೈಯುತ್ತಾನೆ ಅಂದುಕೊಂಡೆ. ಅವನು ನಕ್ಕ. ಅದೇ ನಗು, ಹಲ್ಲು ಮಾತ್ರ ಕಡಿಮೆ. “ಕಾಕಾನ ಮಗಾ ಅದಿ ಬಿಡು,” ಅಂದು, ಉಳಿದ ಚಹಾ ಕುಡಿದು, ಬಾಗಿಲ ಚೌಕಟ್ಟು ಹಿಡಿದುಕೊಂಡು ಇಳಿದು ಹೋದ.

ನನ್ನ ಹೆಂಡತಿ ಆ ರಾತ್ರಿ ರೊಟ್ಟಿ ಹಾಕುತ್ತ ಕೇಳಿದಳು. “ಮುದುಕಗ ಎರಡ ಪ್ಲೇಟ್ ಕೊಟ್ಟಿದ್ರ ನಿಮ್ಮ ಗಂಟೇನ ಹೋಗತಿತ್ರಿ?”

ಗಂಟಿನ ಮಾತಲ್ಲ ಅದು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಅವನು ಕೂತಿದ್ದ ಜಾಗದಲ್ಲಿ ಅವನಿಗೆ ಇಲ್ಲ ಅನ್ನುವ ಹಕ್ಕಿರಲಿಲ್ಲ, ಕಂಬ ಅವನದಲ್ಲ, ಪಗಾರ ಎಲ್ಲರದು. ನನ್ನ ಅಂಗಡಿ ನನ್ನದು. ಇಲ್ಲ ಅನ್ನುವುದು ನನ್ನ ಹಕ್ಕು. ಅವನು ಬೇರೆ ಅಂಗಡಿಗೆ ಹೋಗಬಹುದಿತ್ತು, ಜತ್ತಿನಲ್ಲಿ ಬೇಕಾದಷ್ಟು ಇವೆ. ನಮ್ಮಪ್ಪನಿಗೆ ಬೇರೆ ಕಂಬ ಇರಲಿಲ್ಲ. ಸರ್ಕಾರವೇ ಬೇಡ ಅನ್ನುವ ಮನುಷ್ಯ ನಾನಲ್ಲ. ರಸ್ತೆ ಮಾಡಲಿ, ಕಳ್ಳನನ್ನು ಹಿಡಿಯಲಿ, ನ್ಯಾಯ ಲಗೂನ, ತಡಮಾಡದೆ ಕೊಡಲಿ. ನನ್ನ ಬಾವಿಯ ದಂಡೆಗೆ ಮಾತ್ರ ಬರಬಾರದು. ಬಂದರೆ ಚಪ್ಪಲಿ ಕಳಚಿ, ಕೇಳಿ ಬರಬೇಕು. ಹೆಂಡತಿ ರೊಟ್ಟಿ ತಿರುವಿ ಹಾಕಿ, “ಇಷ್ಟ ಭಾಷಣ ಅವಗ ಮಾಡಿದ್ರ ಅಲ್ಲೇ ಮಲ್ಕೊತಿದ್ದ ಪಾಪ, ಫ್ಯಾನ್ ಬೇಕಿದ್ದಿಲ್ಲ,” ಅಂದಳು.

ಅವನು ಬೇರೆ ಅಂಗಡಿಗೆ ಹೋಗಲಿಲ್ಲವಂತೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಆ ಬೇಸಿಗೆಯನ್ನು ಹಾಗೆಯೇ ಕಳೆದ. ನನಗೆ ಪಶ್ಚಾತ್ತಾಪ ಇಲ್ಲ. ಇದ್ದರೆ ಬರೆಯುತ್ತಿದ್ದೆ.

ಮೊನ್ನೆ, ಆ ಸುಟ್ಟ ಮೋಟರು ಬಿಚ್ಚಿದ ದಿನ, ಸುದ್ದಿ ಕೇಳಿದ ದಿನವೇ, ಮಧ್ಯಾಹ್ನ ಅಂಗಡಿಯ ಕರೆಂಟು ಹೋಯಿತು. ಮೋಟರು ಪರೀಕ್ಷೆ ಮಾಡಲು ದೊಡ್ಡ ಲೈನು ಬೇಕು, ಅದೊಂದಕ್ಕೆ ನಾನು ಇನ್ನೂ ಕಂಬವನ್ನೇ ನಂಬಿದ್ದೇನೆ. ಹೊಸ ಮೀಟರು ಬಂದಿದೆಯಲ್ಲ, ದೂರದಲ್ಲಿ ಕೂತೇ ಬಂದ್ ಮಾಡುವಂಥದ್ದು, ಅದೇ ತನ್ನಷ್ಟಕ್ಕೆ ಬಂದ್ ಆಗಿತ್ತು. ಬಿಲ್ಲು ಬಾಕಿ ಇದೆ ಎಂದು ಫೋನಿಗೆ ಒಂದು ಸಾಲು ಬಂತು. ಬಿಲ್ಲು ಕಟ್ಟಿದ್ದೆ. ಫೋನು ಹಚ್ಚಿದೆ. ಮರಾಠಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ... ಒತ್ತುತ್ತಲೇ ಹೋದೆ. ಒಂದು ಹೆಣ್ಣುದನಿ ಭಾಳ ಮರ್ಯಾದೆಯಿಂದ, ನಿಮ್ಮ ತಕರಾರು ಮೇಲೆ ಕಳಿಸಲಾಗಿದೆ ಅಂದಿತು. ಅದು ಮನುಷ್ಯರ ದನಿಯೂ ಅಲ್ಲವೆಂದು ನನ್ನ ಕೆಲಸದ ಹುಡುಗ ಹೇಳಿದ.

ಹೊರಗೆ ಬಂದು ಕಂಬ ನೋಡಿದೆ. ಮೇಲೆ ಯಾರೂ ಇರಲಿಲ್ಲ. ಇಡೀ ರಸ್ತೆಯಲ್ಲಿ ಕೊರಳಪಟ್ಟಿ ಹಿಡಿಯುವಂಥ ಒಬ್ಬ ಮನುಷ್ಯ ಇರಲಿಲ್ಲ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಯಂತ್ರದಿಂದಲೇ ಬದುಕಿದವನು ನಾನು. ನಮ್ಮ ಬಾವಿಯ ಮೇಲೆ ಅದು ನನ್ನ ಕೈಯಲ್ಲಿದೆ, ಅಲ್ಲಿ ಅದು ನನ್ನ ದೋಸ್ತ. ಇಲ್ಲಿ ಪಕ್ಕಡದ ಹಿಡಿ ಯಾವುದೋ ಊರಿನತನಕ ಉದ್ದವಾಗಿದೆ, ಅದನ್ನು ಹಿಡಿದ ಕೈ ನನಗೆ ಕಾಣುವುದಿಲ್ಲ. ಆ ಹಳೆಯ ವಾಯರಮನ್ನನಾದರೆ ನಮ್ಮ ಕಣಕ್ಕೆ ಬಂದಿದ್ದ, ಮಜ್ಜಿಗೆ ಕುಡಿದಿದ್ದ. ಅವನನ್ನು ಏಣಿ ಹತ್ತಿಸಲಿಕ್ಕೆ ಬಂತು, ಇಳಿಸಲಿಕ್ಕೂ ಬಂತು. ಇದನ್ನು ಯಾವ ಏಣಿ ಹತ್ತಿಸಲಿ? ಅವನು ಸತ್ತದ್ದಕ್ಕೆ ನನಗೆ ದುಃಖವಾಯಿತೆಂದು ಹೇಳಲಾರೆ. ಆದರೆ ಕಂಬದ ಕೆಳಗೆ ನಿಂತಾಗ ಏನೋ ಕಳೆದುಹೋಗಿದೆ ಅನ್ನಿಸಿತು, ನಿಂತೇ ಇದ್ದೆ...

ಈಗ ನನ್ನ ಹತ್ತಿರ ಇರುವುದು ಇಷ್ಟು. ಉಮದಿ ರಸ್ತೆಗೆ ಒಂದು ಅಂಗಡಿ. ಕೈಕೆಳಗೆ ಮೂವರು ಹುಡುಗರು. ನಾಲ್ಕು ಎಕರೆ ದಾಳಿಂಬೆ. ಕಂಬವಿಲ್ಲದ ಒಂದು ಬಾವಿ. ಅಪ್ಪ ಕೂತ ಒಂದು ಕುರ್ಚಿ. ಗೋಡೆಯ ಮೊಳೆಗೆ, ಚಂದವಾಗಿ ಸುತ್ತಿಟ್ಟ ಒಂದು ಸುತ್ತು ತಂತಿ. ಬೈಯಲಿಕ್ಕೆ, ಹೆಸರು ಗೊತ್ತಿರುವ ಮನುಷ್ಯ ಒಬ್ಬನೂ ಇಲ್ಲ.